ಗಾಲ್ಫ್ ಆಟದ ಕರಿಯ ಕೋಲು

ಹೋದ ತಿಂಗಳು ನಮ್ಮ ವಾಚನಾಲಯಕ್ಕೆ ಬರುವ ವಿಜಾಪುರದ ಕಡೆಯ ಹುಡುಗನೊಬ್ಬನು ಮೋರೆ ಇಳಿಬಿಟ್ಟು ಕುಳಿತಿದ್ದನು. ಗಾಲ್ಫ್ ಮೈದಾನವೊಂದರಲ್ಲಿ ಆಟಗಾರರ ಚೀಲ ಹೊರುವುದು ಅವನ ಕೆಲಸ. ಒಬ್ಬ ಸಾಹೇಬರ ಡ್ರೈವರ್ ಹೊಡೆತದ ನಡುವೆ ಮುರಿಯಿತು. ಚೀಲ ಕೆಡವಿದವನು ನೀನೇ ಎಂದು ಅವನ ಕೂಲಿ ಹಿಡಿದರಂತೆ. "ಇಷ್ಟ್ ತುಟ್ಟಿ ಕೋಲು ಹೆಂಗ ಮುರೀತರೀ, ಅಣ್ಣಾ?" ಎಂದು ಕೇಳಿದನು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ಬರೆಯುತ್ತೇನೆ.

ಡ್ರೈವರ್ ಎಂದರೆ ಇಲ್ಲಿ ಬಸ್ಸಿನವನಲ್ಲ; ಚೆಂಡನ್ನು ಅತಿ ದೂರ ಹೊಡೆಯುವ ಉದ್ದನೆಯ ಕೋಲು. ಹಿಂದೆ ಅದು ಹಿಕರಿ ಮರದ್ದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸಿನ ಹಿರಿಯರು 1929ರಲ್ಲಿ ಉಕ್ಕನ್ನು ಒಪ್ಪಿದರು. 1969ರಲ್ಲಿ ಅಮೆರಿಕದಲ್ಲಿ ಇಂಜಿನಿಯರ್ ಫ್ರಾಂಕ್ ಥಾಮಸ್ ಗ್ರಾಫೈಟ್ ಕೋಲನ್ನು ಮಾಡಿದರು.

ಗ್ರಾಫೈಟ್ ಎಂದರೆ ಪೆನ್ಸಿಲ್ ಕಡ್ಡಿ ನೆನಪಾದೀತು. ಇದು ನೂಲು! ಸ್ವೆಟರಿಗೆ ಬಳಸುವ ಅಕ್ರಿಲಿಕ್ ಜಾತಿಯ ಎಳೆಯನ್ನು ಬಿಗಿಹಿಡಿದು 200-300 ಡಿಗ್ರಿಯಲ್ಲಿ ಹದಮಾಡಿ, ಬಳಿಕ ಗಾಳಿಯಿಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಗಾಳಿಯಿಲ್ಲದ್ದರಿಂದ ಎಳೆ ಬೂದಿಯಾಗದೆ ಇಂಗಾಲವಾಗಿ ಉಳಿಯುತ್ತದೆ. ಬೆಂಗಳೂರಿನ ತೇಜಸ್ ವಿಮಾನದ ಮೈಯಲ್ಲಿಯೂ ಇಂಥ ಎಳೆಯೇ ಇದೆ.

ಎಳೆಗಳನ್ನು ಒತ್ತಾಗಿ ಜೋಡಿಸಿ, ಅಂಟು ತುಂಬಿದ ಹಾಳೆ ಮಾಡಿ, ದರ್ಜಿಯಂತೆ ಕತ್ತರಿಸಿ ಉಕ್ಕಿನ ಸಲಾಕೆಗೆ ಸುತ್ತುತ್ತಾರೆ. ಮೇಲೆ ಪಟ್ಟಿ ಬಿಗಿದು ಒಲೆಯಲ್ಲಿ ಬೇಯಿಸಿ ಸಲಾಕೆ ಎಳೆದರೆ ಪೊಳ್ಳು ಕೋಲು ಸಿದ್ಧ. ಜಾಣತನವೆಲ್ಲ ಸುತ್ತುವುದರಲ್ಲಿದೆ. ಉದ್ದಕ್ಕೆ ಹಾಕಿದ ಎಳೆ ಬಾಗುವುದನ್ನು ತಡೆಯುತ್ತದೆ. 45 ಡಿಗ್ರಿ ಓರೆಯಾಗಿ ಎರಡೂ ಕಡೆಗೆ ಹಾಕಿದ್ದು ತಿರುಚುವುದನ್ನು ತಡೆಯುತ್ತದೆ. ಕೋಲಿನ ತಲೆಯ ಭಾರ ಒಂದೇ ಪಕ್ಕಕ್ಕಿರುವುದರಿಂದ ಬೀಸಿದಾಗ ಕೋಲು ತಿರುಚಿ ಚೆಂಡು ದಾರಿ ತಪ್ಪುತ್ತದೆ. ಸುತ್ತು ಹೆಚ್ಚಿಸಿದರೆ ಭಾರ ಹೆಚ್ಚು, ಬೀಸು ಕಡಮೆ. ಉಕ್ಕಿನದು ಸುಮಾರು 120 ಗ್ರಾಂ. ಇದು 50ರಿಂದ 70. ತುಟ್ಟಿ ಕೋಲುಗಳಲ್ಲಿ ಹೆಚ್ಚು ಬಿರುಸಾದ ಎಳೆ ಹಾಕಿ ಗೋಡೆಯನ್ನು ತೆಳುವಾಗಿಸುತ್ತಾರೆ. ಎಳೆ ಬಿರುಸಾದಷ್ಟೂ ಪೆಡಸು.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಉಕ್ಕು ಮೊದಲು ಬಾಗಿ ತನ್ನ ನೋವು ತೋರಿಸುತ್ತದೆ. ಇದು ಬಾಗಿ ನಿಲ್ಲದು, ಒಮ್ಮೆಲೆ ಮುರಿಯುತ್ತದೆ. ಚೀಲದೊಳಗೆ ಬೇರೆ ಕೋಲುಗಳ ಕಬ್ಬಿಣದ ತಲೆ ತಾಗಿ ಮೇಲಿನ ಎಳೆ ಕಡಿದಿರಬಹುದು; ತಲೆ ಬದಲಿಸುವಾಗ ಬೆಂಕಿ ಹೆಚ್ಚಾಗಿ ಅಂಟು ಕೆಟ್ಟಿರಬಹುದು. ಗಾಯ ಎಂದಿನದೋ, ಮುರಿಯುವುದು ಇಂದು. ಅಂದು ಚೀಲ ಹೊತ್ತವನೇ ತಪ್ಪುಗಾರನೆಂದು ಇಷ್ಟರಿಂದಲೇ ಹೇಳುವುದು ನ್ಯಾಯವಲ್ಲ.

ಈಗ ಅವನು ಬೆಳಿಗ್ಗೆ ಚೀಲ ಹೊರುವ ಮುಂಚೆ ಪ್ರತಿ ಕೋಲಿನ ಕೆಳತುದಿಯನ್ನು ಬೆಳಕಿಗೆ ಹಿಡಿದು, ಗೀರು ಕಂಡರೆ ಆಗಲೇ ಸಾಹೇಬರಿಗೆ ತೋರಿಸುತ್ತಾನೆ.