ಸೋತ ಗುಂಡಿಗೆಯ ಆರೈಕೆ

‘ಹೃದಯ ವೈಫಲ್ಯ’ ಎಂದು ವೈದ್ಯರು ಚೀಟಿಯಲ್ಲಿ ಬರೆದರೆ, ಎಲ್ಲ ಮುಗಿಯಿತೆಂದು ಮನೆಯವರು ಕೈಚೆಲ್ಲುವುದುಂಟು. ಗುಂಡಿಗೆ ನಿಂತಿತೆಂದು ಅದರ ಅರ್ಥವಲ್ಲ. ವೋಲ್ಟೇಜು ಸಾಲದಾಗ ಕೊಳವೆಬಾವಿಯ ಮೋಟರು ತಿರುಗುತ್ತಲೇ ಇರುತ್ತದೆ, ಆದರೆ ನೀರು ಹೊಲದ ಕೊನೆಯ ಮಡಿಯನ್ನು ಮುಟ್ಟುವುದಿಲ್ಲ. ಇದೂ ಹಾಗೆಯೇ. ಬಹುಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದೆ ಆದ ಹೃದಯಾಘಾತ, ಎಳೆಯ ವಯಸ್ಸಿನ ಕೀಲುಜ್ವರದಿಂದ ಕೆಟ್ಟ ಕವಾಟ, ಇವು ಮುಖ್ಯ ಕಾರಣಗಳು.

ರಕ್ತ ಸಾಕಷ್ಟು ಬಾರದಾಗ ಮೂತ್ರಪಿಂಡಗಳು ದೇಹಕ್ಕೆ ನೀರಿನ ಬರ ಬಂದಿದೆಯೆಂದು ತಪ್ಪು ತಿಳಿದು, ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ. ಆ ನೀರು ಕಾಲಿಗಿಳಿದರೆ ಬಾವು. ಶ್ವಾಸಕೋಶದಲ್ಲಿ ನಿಂತರೆ ಏದುಸಿರು, ಮಲಗಲಾಗದೆ ರಾತ್ರಿಯೆಲ್ಲಾ ಗೋಡೆಗೊರಗಿ ಕೂರುವ ಪಾಡು.

ಆದ್ದರಿಂದ ಈ ರೋಗಿಯ ಮನೆಗೆ ಮೊದಲು ಬೇಕಾದದ್ದು ಒಂದು ತೂಕದ ಯಂತ್ರ. ಕಡಲೆಕಾಯಿ ಮೂಟೆಯ ತೂಕದಲ್ಲಿ ಅರ್ಧ ಕಿಲೋ ಹೆಚ್ಚುಕಡಿಮೆಯಾದರೆ ಬಿಡದ ನಾವು, ಮನೆಯ ಹಿರಿಯರನ್ನು ವರ್ಷಕ್ಕೊಮ್ಮೆಯೂ ತೂಗುವುದಿಲ್ಲ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನನ್ನೂ ತಿನ್ನುವ ಮೊದಲು ತೂಗಿ ಬರೆದಿಡಿ. ಮೂರು ದಿನದೊಳಗೆ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ವೈದ್ಯರಿಗೆ ತಿಳಿಸಿ.

ಮುದ್ದೆ ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು. ದಿನವಿಡೀ ಎಲ್ಲ ಅಡುಗೆ ಸೇರಿ ಉಪ್ಪು ಒಂದು ಟೀ ಚಮಚ, ಅಂದರೆ 5 ಗ್ರಾಂ ಮೀರಬಾರದು. ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪನ್ನು ಕೇಳದೆ ತರಬೇಡಿ; ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ನುಂಗುವವರಿಗೆ ಅದು ಅಪಾಯ. ಎಳನೀರಿಗೂ ಇದೇ ಎಚ್ಚರಿಕೆ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸದಿರಬಹುದು. ‘ನಿಶ್ಶಕ್ತಿ’ ಎಂದೊಡನೆ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವ ಚಟ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಸೋತ ಗುಂಡಿಗೆಯವರಿಗೆ ಹೀಗೆ ಬಾಟಲಿ ಏರಿಸುವುದು ತುಂಬಿದ ಕೆರೆಗೆ ಮತ್ತೆ ತೂಬು ತೆರೆದಂತೆ. ಅದೇ ರಾತ್ರಿ ಉಸಿರು ಕಟ್ಟಬಹುದು. ಕಳೆ ಕಿತ್ತು ಬಂದ ಸೊಂಟನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳೂ ನೀರನ್ನು ಹಿಡಿದಿಡುತ್ತವೆ. ಆರೆಂಪಿ ವೈದ್ಯರ ಬಳಿ ಹೋದಾಗ, ‘ನಮ್ಮವರಿಗೆ ಗುಂಡಿಗೆ ತೊಂದರೆ ಇದೆ’ ಎಂದು ಮೊದಲೇ ಹೇಳಿರಿ.

ಫ್ರುಸೆಮೈಡ್, ಅಂದರೆ ನೀರಿಳಿಸುವ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ಕೊಡುತ್ತಾರೆ. ಇಲ್ಲವಾದರೆ ಮುದುಕರು ನಡುರಾತ್ರಿ ಬಚ್ಚಲಿಗೆ ಎದ್ದು ಬೀಳುತ್ತಾರೆ. ಬಾವು ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ವಾಂತಿಭೇದಿ ಹಿಡಿದಾಗ ಮಾತ್ರ ಮುಂದುವರಿಸಬೇಕೋ ಬೇಡವೋ ಎಂದು ಅದೇ ದಿನ ಕೇಳಬೇಕು.

ವೃದ್ಧಾಶ್ರಮಗಳಲ್ಲಿ ಸೇವೆ ಮಾಡುವ ಸಿಸ್ಟರ್‌ಗಳಿಗೂ, ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವ ಸೊಸೆಯಂದಿರಿಗೂ ಒಂದು ವಿಷಯ. ಮಲಗಿಯೇ ಇರುವವರಲ್ಲಿ ನೀರು ಪಾದಕ್ಕಿಳಿಯದೆ ಸೊಂಟದ ಕೆಳಗೆ, ಬೆನ್ನ ಬುಡದಲ್ಲಿ ಸೇರುತ್ತದೆ. ಮಗ್ಗುಲು ತಿರುಗಿಸುವಾಗ ಅಲ್ಲಿ ಬೆರಳೊತ್ತಿ ನೋಡಿ. ಕುಳಿ ಉಳಿದರೆ ಬಾವು ಇದೆಯೆಂದೇ ಲೆಕ್ಕ. ವಯಸ್ಸಾದವರು ಎದೆನೋವು, ಏದುಸಿರು ಎನ್ನದೆ, ಊಟ ಬೇಡವೆನ್ನಬಹುದು, ಇದ್ದಕ್ಕಿದ್ದಂತೆ ಮಂಕಾಗಬಹುದು. ವಯಸ್ಸಿನ ಸಹಜವೆಂದು ಬಿಟ್ಟುಬಿಡುವುದು ಇಲ್ಲೇ. ಆಸ್ಪತ್ರೆಯಿಂದ ಬಂದ ಮೊದಲ ಕೆಲವು ವಾರಗಳು ಹೆಚ್ಚು ಸೂಕ್ಷ್ಮ. ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಪಾಲು ಹೊಟ್ಟೆಗೆ ಹೋಗುವುದೂ ಆಗಲೇ.

ಕುಳಿತಲ್ಲೇ ಏದುಸಿರು, ಎದೆನೋವು, ಮೂರ್ಛೆ, ನೊರೆ ಕಫ ಕಂಡರೆ ಬೆಳಗಾಗುವುದನ್ನು ಕಾಯದೆ 108ಕ್ಕೆ ಕರೆಮಾಡಿ, ರೋಗಿಯನ್ನು ಒರಗಿಸಿ ಕೂರಿಸಿ. ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದವರಿಗೆ, ಪುಟ್ಟಪರ್ತಿಯಲ್ಲಿ 1991ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆ ಉಚಿತ. ಬೆಂಗಳೂರಿನ ಜಯದೇವ ಆಸ್ಪತ್ರೆಯೂ ಇದೆ. ಎಲ್ಲಿಗೇ ಹೋಗಿ, ತೂಕ ಬರೆದ ಪುಸ್ತಕವನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ.