ಕೆಂಪು ಗುಳಿಗೆಯ ಕಪಟ

ಕೊಪ್ಪಳಕ್ಕೆ ಅಂಟಿಕೊಂಡೇ ಬೆಳೆದ ಭಾಗ್ಯನಗರ ನೇಕಾರರ ಊರು. ಅಲ್ಲಿಯೇ ಆಗಲಿ, ನಾಡಿನ ಬೇರೆ ಯಾವ ಊರಿನಲ್ಲಿಯೇ ಆಗಲಿ, ಗರ್ಭಿಣಿಯಿರುವ ಮನೆಯ ಗೂಡಿನಲ್ಲಿ ಕೆಂಪು ಗುಳಿಗೆಗಳ ಪೊಟ್ಟಣವೊಂದು ಇರುವುದು ಸಾಮಾನ್ಯ. ರಕ್ತಹೀನತೆಯ ನಿವಾರಣೆಗೆಂದು ಸರ್ಕಾರವೇ ಕೊಡುವ ಕಬ್ಬಿಣಾಂಶದ ಗುಳಿಗೆ ಅದು. ತಾಯಿಗೆ ಅದು ಸಂಜೀವಿನಿ. ಆದರೆ ಅದೇ ಮನೆಯ ಎರಡು ವರ್ಷದ ಕೂಸಿನ ಕಣ್ಣಿಗೆ ಅದು ಪೆಪ್ಪರಮೆಂಟು! ಸಕ್ಕರೆಯ ಲೇಪವಿರುವುದರಿಂದ ನಾಲಗೆಯೂ ಎಚ್ಚರಿಸುವುದಿಲ್ಲ.

2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಯೋಜನೆಯ ಈ ಗುಳಿಗೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ 60 ಮಿಲಿಗ್ರಾಂ ದಾಟಿತೆಂದರೆ ಪ್ರಾಣಾಪಾಯ. ಅಂದಮೇಲೆ, 10 ಕಿಲೋ ತೂಕದ ಮಗುವಿಗೆ ಹತ್ತು ಗುಳಿಗೆಗಳೇ ಸಾಕು. ನಾಲ್ಕೈದು ನುಂಗಿದರೂ ಕಾಯಿಲೆ ಬೀಳಬಹುದು.

ಈ ವಿಷದ ನಡೆ ವಿಚಿತ್ರವಾದುದು. ಮೊದಲ ಆರು ಗಂಟೆಗಳಲ್ಲಿ ವಾಂತಿ, ಭೇದಿ, ಕೆಲವೊಮ್ಮೆ ರಕ್ತ. ಬಳಿಕ ಎಲ್ಲವೂ ಶಮನವಾದಂತೆ ತೋರುತ್ತದೆ. ಮಗು ಚೇತರಿಸಿಕೊಂಡಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕಪಟವಿರುವುದು ಅಲ್ಲಿಯೇ! ಆ ಹೊತ್ತಿನಲ್ಲಿ ಕಬ್ಬಿಣವು ಜೀವಕೋಶಗಳನ್ನು ಹೊಕ್ಕು ಒಳಗೊಳಗೇ ಹಾನಿ ಮಾಡುತ್ತಿರುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ರಕ್ತದೊತ್ತಡ ಕುಸಿಯಬಹುದು. ಮುಂದೆ ಯಕೃತ್ತೂ ಕೈಕೊಡಬಹುದು.

ಆದುದರಿಂದ ಗುಳಿಗೆ ನುಂಗಿದ ಸಂಶಯ ಬಂದೊಡನೆಯೇ ಆಸ್ಪತ್ರೆಗೆ ಧಾವಿಸಬೇಕು. ವಿಷವನ್ನು ಹೀರುವ ಇದ್ದಿಲಿನ ಪುಡಿ ಕಬ್ಬಿಣದ ಮುಂದೆ ನಿಷ್ಪ್ರಯೋಜಕ. ವೈದ್ಯರು ರಕ್ತವನ್ನು ಪರೀಕ್ಷಿಸಿ, ಎಕ್ಸ್-ರೇ ತೆಗೆದು, ಅಗತ್ಯವಿದ್ದರೆ ಕರುಳನ್ನು ದ್ರಾವಣದಿಂದ ತೊಳೆಯುತ್ತಾರೆ. ವಿಷವೇರಿದ್ದರೆ ಡೆಫೆರಾಕ್ಸಮಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡುತ್ತಾರೆ. ಅದು ಕಬ್ಬಿಣವನ್ನು ಹಿಡಿದು ಮೂತ್ರದೊಡನೆ ಹೊರಗಟ್ಟುತ್ತದೆ. ಮೂತ್ರ ಕೆಂಪಡರಿದರೆ ಗಾಬರಿ ಬೇಡ.

ತಾಯಂದಿರೇ, ಮಗುವಿನ ಗಂಟಲಿಗೆ ಬೆರಳಿಡಬೇಡಿ, ಉಪ್ಪುನೀರು ಕುಡಿಸಬೇಡಿ. ಉಳಿದ ಗುಳಿಗೆಗಳನ್ನು ಎಣಿಸಿ, ಪೊಟ್ಟಣವನ್ನು ಜೊತೆಗೇ ಒಯ್ಯಿರಿ. ವಾಹನಕ್ಕೆ 108, ಸಲಹೆಗೆ ದೆಹಲಿಯ ಏಮ್ಸ್ ಸಂಸ್ಥೆಯ ವಿಷಮಾಹಿತಿ ಕೇಂದ್ರದ 1800-116-117. ಭಾಗ್ಯನಗರದವರಿಗೆ ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹತ್ತಿರದಲ್ಲೇ ಇದೆ.

ಹಾಗೆಂದು ಗರ್ಭಿಣಿ ಗುಳಿಗೆಯನ್ನೇ ಬಿಡಬಾರದು. ತಾಯಿಗೂ ಹೊಟ್ಟೆಯಲ್ಲಿರುವ ಕೂಸಿಗೂ ಅದು ಬೇಕೇ ಬೇಕು. ಬಿಡಬೇಕಾದುದು ಅದನ್ನು ಕೈಗೆಟಕುವ ಗೂಡಿನಲ್ಲಿಡುವ ರೂಢಿಯನ್ನು. ಒಡವೆಗೆ ಬೀಗ ಹಾಕುವ ಮನೆಯಲ್ಲಿ ಔಷಧಕ್ಕೂ ಒಂದು ಬೀಗವಿರಲಿ.