ಪೆಟ್ಟಿಗೆ ಗಟ್ಟಿ, ಡ್ರೈವರ್ ಅಲ್ಪಾಯುಷಿ

2025ರಲ್ಲಿ ಬಂದ ಮ್ಯಾಕ್‌ಒಎಸ್ 26ರಲ್ಲಿ ಆ್ಯಪಲ್ ಫೈರ್‌ವೈರ್ ಬೆಂಬಲವನ್ನು ಪೂರ್ತಿ ಕೈಬಿಟ್ಟಿತು. ಹಳೆಯ ಕಾಲದ ಕೇಬಲ್ಲೊಂದು ಹೋಯಿತು, ಅಷ್ಟೇ ಎಂದು ಹೆಚ್ಚಿನವರು ಗಮನಿಸಲೂ ಇಲ್ಲ. ಮನೆಯಲ್ಲೇ ಹಾಡು ಧ್ವನಿಮುದ್ರಿಸಿಕೊಳ್ಳುವವರಿಗೆ ಮಾತ್ರ ಅದು ದೊಡ್ಡ ಸುದ್ದಿ. 2001ರಲ್ಲಿ ಮೋಟು ಕಂಪನಿಯ 828 ಬಂದಮೇಲೆ ಹಲವು ವರ್ಷಗಳ ಕಾಲ ಒಳ್ಳೆಯ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಪೆಟ್ಟಿಗೆ, ಬೇಕೆಂದವರು ಫೈರ್‌ವೈರ್ ಪೆಟ್ಟಿಗೆಯನ್ನೇ ಹುಡುಕುತ್ತಿದ್ದರು. ಅವುಗಳಲ್ಲಿ ಎಷ್ಟೋ ಪೆಟ್ಟಿಗೆಗಳು ಇಂದಿಗೂ ಕೆಟ್ಟಿಲ್ಲ, ಮೈಕಿನ ದನಿಯನ್ನು ಮೊದಲಿನಷ್ಟೇ ಶುದ್ಧವಾಗಿ ಹಿಡಿಯುತ್ತವೆ. ಆದರೆ ಹೊಸ ವ್ಯವಸ್ಥೆಯಿರುವ ಮ್ಯಾಕ್‌ಗೆ ಅಡಾಪ್ಟರ್ ಹಾಕಿ ಜೋಡಿಸಿದರೂ ಅವು ಇವೆ ಎಂಬುದೇ ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಇಂಟರ್‌ಫೇಸ್ ಕೊಳ್ಳುವಾಗ ಎಷ್ಟು ಮೈಕ್ ಹಾಕಬಹುದು, ಮೈಕಿಗೆ ವಿದ್ಯುತ್ ಕೊಡುವ ಫ್ಯಾಂಟಮ್ ಪವರ್ ಇದೆಯೇ, ಬೆಲೆ ಎಷ್ಟು ಎಂದೆಲ್ಲ ವಿಚಾರಿಸುತ್ತೇವೆ. ಅದನ್ನು ಕಂಪ್ಯೂಟರಿನೊಡನೆ ಮಾತಾಡಿಸುವ ತಂತ್ರಾಂಶವಾದ ಡ್ರೈವರನ್ನು ಯಾರು ಬರೆಯುತ್ತಾರೆ, ಇನ್ನೆಷ್ಟು ವರ್ಷ ಬರೆಯುತ್ತಾರೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ್ದು ಅದನ್ನೇ.

ಡ್ರೈವರ್ ಮಾಡುವ ಕೆಲಸ ಎಷ್ಟು ನಾಜೂಕಿನದು ಎಂಬುದು ತಂಬೂರಿಯನ್ನು ಧ್ವನಿಮುದ್ರಿಸುವಾಗ ಚೆನ್ನಾಗಿ ಗೊತ್ತಾಗುತ್ತದೆ. ಇಂಟರ್‌ಫೇಸ್ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತದೆ ಎಂದುಕೊಳ್ಳಿ. ಆ ಅಳತೆಗಳು ಒಂದೊಂದಾಗಿ ಹೋಗುವುದಿಲ್ಲ, ಕಂತು ಕಂತಾಗಿ ಹೋಗುತ್ತವೆ. ಆ ಕಂತಿನ ಗಾತ್ರವೇ ಬಫರ್. ಬಫರನ್ನು 128ಕ್ಕೆ ಇಟ್ಟರೆ ಒಂದು ಕಂತಿಗೆ ಸಿಗುವ ಸಮಯ 2.7 ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಕಂಪ್ಯೂಟರ್ ಬಂದದ್ದನ್ನು ಬರೆದಿಟ್ಟುಕೊಂಡು ಮುಂದಿನದಕ್ಕೆ ಸಿದ್ಧವಾಗಬೇಕು. ಅದೇ ಹೊತ್ತಿಗೆ ವೈಫೈ ಡ್ರೈವರೋ ಗ್ರಾಫಿಕ್ಸ್ ಡ್ರೈವರೋ ಪ್ರೊಸೆಸರನ್ನು ತುಸು ಹೆಚ್ಚು ಹೊತ್ತು ಹಿಡಿದುಕೊಂಡರೆ ಒಂದು ಕಂತು ತಪ್ಪಿಹೋಗುತ್ತದೆ, ಕಿವಿಗೆ 'ಟಪ್' ಎಂಬ ಸದ್ದು ಬೀಳುತ್ತದೆ. ಡ್ರಮ್ಸ್ ಅಬ್ಬರದಲ್ಲಿ ಅದು ಮುಚ್ಚಿಹೋಗಬಹುದು. ಎಡೆಬಿಡದೆ ಹರಿಯುವ ಶ್ರುತಿಯಲ್ಲಿ ಅದಕ್ಕೆ ಅಡಗಲು ಜಾಗವೇ ಇಲ್ಲ.

ಹಾಗಾದರೆ ಬಫರನ್ನು 1024ಕ್ಕೆ ಏರಿಸಿದರಾಯಿತಲ್ಲ ಎನ್ನಬಹುದು. ತಂಬೂರಿ ಒಂದನ್ನೇ ಮುದ್ರಿಸುವಾಗ ಅದು ಸರಿ. ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ದನಿಯನ್ನು ಕೇಳಿಕೊಂಡೇ ಹಾಡಬೇಕೆಂದಾಗ ತೊಂದರೆ ಶುರು. ಹೋಗುವಾಗ ಒಂದು ಕಂತು, ಬರುವಾಗ ಒಂದು ಕಂತು ಸೇರಿ 40 ಮಿಲಿಸೆಕೆಂಡು ದಾಟುತ್ತದೆ. ತಾನು ಹಾಕಿದ ಗಮಕ ಅಷ್ಟು ತಡವಾಗಿ ಕಿವಿಗೆ ಬಿದ್ದರೆ ಎಂಥ ಗಾಯಕಿಗೂ ಲಯ ಕೈಜಾರುತ್ತದೆ. ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ಪೆಟ್ಟಿಗೆಯಿಂದಲೇ ನೇರ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರ್ ಗುಂಡಿ ಇರುವುದು ಇದಕ್ಕಾಗಿಯೇ. ಬರೀ ಹಾಡು ಮುದ್ರಿಸುವವರಿಗೆ ಅದು ಸಾಕು. ಕೀಬೋರ್ಡ್ ನುಡಿಸಿ ಕಂಪ್ಯೂಟರಿನೊಳಗಿನ ವಾದ್ಯದ ದನಿ ಪಡೆಯುವವರಿಗೆ ಆ ದಾರಿಯಿಲ್ಲ. ಅವರು ಡ್ರೈವರನ್ನೇ ನಂಬಬೇಕು.

ವಿಂಡೋಸ್‌ನಲ್ಲಿ ಈ ನಂಬಿಕೆಗೆ ಆಧಾರವಾದದ್ದು ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಎಎಸ್ಐಒ. ಎಲ್ಲ ತಂತ್ರಾಂಶಗಳ ಸದ್ದನ್ನೂ ಬೆರೆಸುವ ವಿಂಡೋಸ್ ಮಿಕ್ಸರನ್ನು ಬಳಸದೆ ಸಂಗೀತದ ತಂತ್ರಾಂಶವನ್ನು ಪೆಟ್ಟಿಗೆಗೆ ನೇರ ಮುಟ್ಟಿಸುವ ದಾರಿ ಅದು. ಒಳ್ಳೆಯದೇ. ಆದರೆ ಅದರಿಂದಾಗಿ ಪ್ರತಿ ಕಂಪನಿಯೂ ಪ್ರತಿ ಪೆಟ್ಟಿಗೆಗೂ ತನ್ನದೇ ಡ್ರೈವರ್ ಬರೆಯುವ ಪದ್ಧತಿ ಬೇರೂರಿತು. ಕಂಪನಿಗೆ ಬೇಸರವಾದ ದಿನ ಪೆಟ್ಟಿಗೆಯ ಆಯುಸ್ಸೂ ಮುಗಿಯಿತು. 32 ಬಿಟ್ ವಿಂಡೋಸಿನಿಂದ 64 ಬಿಟ್‌ಗೆ ಬಂದಾಗ ಹಳೆಯ ಡ್ರೈವರ್‌ಗಳು ಒಂದೂ ನಡೆಯಲಿಲ್ಲ. ಹೊಸದು ಬರೆಯದ ಕಂಪನಿಗಳ ಪೆಟ್ಟಿಗೆಗಳು ಅಟ್ಟ ಸೇರಿದವು.

ಇದಕ್ಕೆ ಮದ್ದು ಇತ್ತು. ಯುಎಸ್‌ಬಿ ಆಡಿಯೊ ಕ್ಲಾಸ್ ಎಂಬ ಸಾಮಾನ್ಯ ಮಾನದಂಡಕ್ಕೆ ಬದ್ಧವಾದ ಪೆಟ್ಟಿಗೆಗೆ ಬೇರೆ ಡ್ರೈವರ್ ಬೇಡ, ಚುಚ್ಚಿದರೆ ಸಾಕು. ಅದರ ಎರಡನೇ ಆವೃತ್ತಿ 2006ರಲ್ಲೇ ಸಿದ್ಧವಾಗಿತ್ತು. 2010ರ ಹೊತ್ತಿಗೆ ಮ್ಯಾಕ್ ಅದನ್ನು ಒಪ್ಪಿಕೊಂಡಿತು. ವಿಂಡೋಸ್ 10ಕ್ಕೆ ಅದು ಸೇರಿದ್ದು 2017ರಲ್ಲಿ, ಅದೂ ಎಎಸ್ಐಒ ಇಲ್ಲದೆ. ಯಮಹಾ ಮತ್ತು ಕ್ವಾಲ್‌ಕಾಮ್ ಜೊತೆ ಸೇರಿ ಎಎಸ್ಐಒ ಸಹಿತವಾದ ಡ್ರೈವರನ್ನು ವಿಂಡೋಸಿನೊಳಗೇ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದ್ದು 2024ರಲ್ಲಿ. ಇಷ್ಟು ತಡವಾಗಬೇಕಿರಲಿಲ್ಲ.

ಕೇಬಲ್ಲಿನ ವಿಚಾರದಲ್ಲಿ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಟೈಪ್ ಸಿ ಎಂಬುದು ಕೊಂಡಿಯ ಆಕಾರ ಮಾತ್ರ, ಎಷ್ಟೋ ಪೆಟ್ಟಿಗೆಗಳ ಒಳಗೆ ಈಗಲೂ ಇರುವುದು ಯುಎಸ್‌ಬಿ 2.0. ಸಾಲದೇ? ಧಾರಾಳವಾಗಿ ಸಾಕು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ 18 ಮೈಕಿನ ದನಿ ಸೆಕೆಂಡಿಗೆ ಸುಮಾರು 21 ಮೆಗಾಬಿಟ್, ಯುಎಸ್‌ಬಿ 2.0ರ ಸಾಮರ್ಥ್ಯ 480. ಕೊರತೆಯಾಗುವುದು ವೇಗವಲ್ಲ, ಕರೆಂಟು. ಅಗ್ಗದ ಹಬ್ಬಿಗೆ ಮೌಸು, ಪೆನ್‌ಡ್ರೈವ್ ಜೊತೆಗೆ ಇದನ್ನೂ ಸಿಕ್ಕಿಸಿದರೆ ಮೈಕಿಗೆ 48 ವೋಲ್ಟ್ ಒದಗಿಸಲು ಪೆಟ್ಟಿಗೆ ಏದುಸಿರು ಬಿಡುತ್ತದೆ. ಲ್ಯಾಪ್‌ಟಾಪಿಗೇ ನೇರ ಹಾಕಿ. ಮೃದಂಗ, ಘಟ, ಪಿಟೀಲು ಎಂದು ಮೈಕುಗಳು ಹೆಚ್ಚಿದರೆ ಎಡಾಟ್ ಆಪ್ಟಿಕಲ್ ಕಿಂಡಿಯಿದ್ದರೆ ಅದಕ್ಕೆ ಇನ್ನೊಂದು ಪೆಟ್ಟಿಗೆ ಜೋಡಿಸಿ ಇನ್ನೂ ಎಂಟು ಸೇರಿಸಬಹುದು. ಎರಡು ಪೆಟ್ಟಿಗೆಗಳೂ ಒಂದೇ ಕ್ಲಾಕಿಗೆ ನಡೆಯುವಂತೆ ಹೊಂದಿಸಲು ಮರೆತರೆ ಮತ್ತೆ ಅದೇ 'ಟಪ್ ಟಪ್'.

ಹಾಗಾಗಿ ಕೊಳ್ಳುವ ಮುನ್ನ, ಸೆಕೆಂಡ್ ಹ್ಯಾಂಡ್ ಆದರಂತೂ ಖಂಡಿತ, ಕಂಪನಿಯ ಡೌನ್‌ಲೋಡ್ ಪುಟ ತೆರೆದು ಕೊನೆಯ ಡ್ರೈವರಿನ ತಾರೀಖು ನೋಡಿ. ಜರ್ಮನಿಯ ಆರ್‌ಎಂಇ ಹಳೆಯ ಪೆಟ್ಟಿಗೆಗಳನ್ನೂ ಬಹುಕಾಲ ಕೈಬಿಡದ ಕಂಪನಿಯೆಂದು ಹೆಸರಾಗಿದೆ. ಬೆಲೆ ಜಾಸ್ತಿ, ಆದರೆ ಆ ಬೆಲೆಯಲ್ಲಿ ಮುಂದಿನ ವರ್ಷಗಳ ಡ್ರೈವರೂ ಸೇರಿದೆ. ಡ್ರೈವರಿಲ್ಲದೆ ಐಪ್ಯಾಡಿನಲ್ಲಿ ನಡೆಯುತ್ತದೆಯೇ ಎಂದೂ ಅಂಗಡಿಯಲ್ಲೇ ಪರೀಕ್ಷಿಸಿ. ನಡೆದರೆ ಅದು ಸಾಮಾನ್ಯ ಮಾನದಂಡದ ಪೆಟ್ಟಿಗೆ, ಕಂಪನಿ ಮುಚ್ಚಿದರೂ ಬಾಳಬಲ್ಲದು.

ಮನೆಯಲ್ಲಿ ಈಗಾಗಲೇ ಫೈರ್‌ವೈರ್ ಪೆಟ್ಟಿಗೆ ಇರುವವರು ಅದನ್ನು ತೂಕಕ್ಕೆ ಹಾಕಬೇಡಿ. ಲಿನಕ್ಸ್‌ನಲ್ಲಿ ಫೈರ್‌ವೈರ್ ವಿಭಾಗವನ್ನು ನೋಡಿಕೊಳ್ಳುತ್ತಿರುವ ತಕಾಶಿ ಸಾಕಾಮೊಟೊ 2029ರವರೆಗೆ ಅದನ್ನು ಉಳಿಸಿಕೊಂಡು ಹೋಗುವುದಾಗಿ ಹೇಳಿದ್ದಾರೆ. ಫೈರ್‌ವೈರ್ ಕಿಂಡಿ ಇರುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡರೆ ಅಂಥ ಎಷ್ಟೋ ಪೆಟ್ಟಿಗೆಗಳು ಮತ್ತೆ ಕೆಲಸಕ್ಕೆ ಬರುತ್ತವೆ. ಬೆಂಬಲ ನಿಲ್ಲಿಸುವ ಕಂಪನಿಗಳು ತಮ್ಮ ಪೆಟ್ಟಿಗೆ ಕಂಪ್ಯೂಟರಿನೊಡನೆ ಹೇಗೆ ಮಾತಾಡುತ್ತದೆ ಎಂಬ ವಿವರವನ್ನು ಕೊನೆಯ ದಿನವಾದರೂ ಬಹಿರಂಗಪಡಿಸಿದರೆ ಇಂಥ ಕೆಲಸಗಾರರಿಗೆ ಅರ್ಧ ಶ್ರಮ ಉಳಿಯುತ್ತದೆ. ಪೂರ್ತಿ ಹಣ ಕೊಟ್ಟು ಕೊಂಡವರು ಅಷ್ಟನ್ನು ಹಕ್ಕಿನಿಂದಲೇ ಕೇಳಬಹುದು.